ದೊಡ್ಡಮನೆಯಿಂದ ಬಂದ ಬಟ್ಟೆಗಂಟು

ನನ್ನ ಗಂಡ ಮುಳಬಾಗಿಲಿನಲ್ಲಿ ಮೇಷ್ಟ್ರಾಗಿದ್ದ ಕಾಲ. ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಹತ್ತಿರದ ಹಳ್ಳಿಯೊಂದರಲ್ಲಿ ಇಲಿ ಬಿದ್ದು, ಪ್ಲೇಗಿಗೆ ಹೆದರಿದ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಮಾಗಿಯ ಚಳಿ. ಮನೆಮನೆಯಿಂದ ಹಳೇ ಬಟ್ಟೆ ಎತ್ತಿ ಅವರಿಗೆ ಹೊದೆಯಲು ಬೊಂತೆ ಹೊಲಿಸಿಕೊಡಬೇಕೆಂದು ನಮ್ಮ ಮಹಿಳಾ ಸಮಾಜದಲ್ಲಿ ತೀರ್ಮಾನವಾಯಿತು. ನಮ್ಮ ಮನೆಯ ಜಗಲಿ ಅಗಲವಾಗಿತ್ತು. ಬಟ್ಟೆ ವಿಂಗಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಹೊಲಿಯಲು ಒಪ್ಪಿಕೊಂಡವಳು ಒಬ್ಬ ಮುದುಕಿ. ಮನೆಮಾತು ತೆಲುಗು, ನನ್ನೊಂದಿಗೆ ಕನ್ನಡ. ಬಟ್ಟೆಯ ಎರಡು ತುದಿ ಹಿಡಿದು ಒಮ್ಮೆ ಜಗ್ಗುತ್ತಿದ್ದಳು. 'ಪರ್' ಎಂದು ಹರಿದರೆ ಒಳಪದರಕ್ಕೆ, ಹರಿಯದಿದ್ದರೆ ಮೇಲ್ಪದರಕ್ಕೆ. ಸೀರೆಯ ಅಂಚು ಬಿಚ್ಚಿ ಸುತ್ತಲಿನ ಪಟ್ಟಿಗೆ ಬೇರೆ ಇಡಿಸಿದಳು. ಎರಡು ದಿನದಲ್ಲಿ ಜಗಲಿಯ ಮೇಲೆ ಮೂರು ಗುಡ್ಡೆಯಾದವು. ಇಟ್ಟಿಗೆ ಹೊರುವ ಹೆಂಗಸೊಬ್ಬಳು ತನಗಿದ್ದ ಎರಡು ಸೀರೆಯಲ್ಲಿ ಹಳೆಯದನ್ನು ಒಗೆದು, ಮಡಿಸಿ ಕೊಟ್ಟುಹೋಗಿದ್ದಳು.

ಮೂರನೇ ದಿನ ದೊಡ್ಡಮನೆಯ ಆಳು ಒಂದು ಗಂಟು ತಂದು ಹಾಕಿದ. ಆ ಮನೆಯ ಯಜಮಾನರು ನನ್ನ ಗಂಡನ ಸ್ಕೂಲಿನ ಕಮಿಟಿಯಲ್ಲಿದ್ದವರು. ಗಂಟು ಬಿಚ್ಚಿದೆ. ಗಬ್ಬುನಾತ ಮುಖಕ್ಕೆ ಹೊಡೆಯಿತು. ಮಕ್ಕಳ ಉಚ್ಚೆ ಬಟ್ಟೆಗಳು, ಒಗೆದೇ ಇಲ್ಲ. ಹೊಲಿಗೆಯುದ್ದಕ್ಕೂ ಹೇನು, ಸೀರಿನ ಸಾಲಿದ್ದ ಒಂದು ಅಂಗಿ. ಯಾರದೋ ಹುಣ್ಣಿಗೆ ಸುತ್ತಿ, ಕೀವು ಒಣಗಿ ಹಪ್ಪಳದಂತಾಗಿದ್ದ ಪಟ್ಟಿಗಳು. ಒಂದು ನನ್ನ ಕೈಗೆ ಅಂಟಿಕೊಂಡಿತು. ಹಿತ್ತಿಲಿಗೆ ಓಡಿ ವಾಂತಿ ಮಾಡಿಕೊಂಡೆ.

"ಥೂ! ಬೊಂತೆಗೆ ಹಳೇದು ಬೇಕು ತಾಯಿ, ಕೊಳೆತಿದ್ದಲ್ಲ. ಒಲೆಗಾಕು," ಅಂದಳು ಮುದುಕಿ.

ನಾನು ಒಲೆಗೆ ಹಾಕಲಿಲ್ಲ. ಮತ್ತೆ ಗಂಟು ಕಟ್ಟಿ, ಒಂದು ಕೋಲಿಗೆ ಸಿಕ್ಕಿಸಿ ಹಿಡಿದುಕೊಂಡು, ಹಗಲು ಹೊತ್ತಿನಲ್ಲೇ ದೊಡ್ಡಮನೆಗೆ ನಡೆದೆ. ಯಜಮಾನಿತಿ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಇದು ತಮ್ಮ ಮನೆಯಿಂದ ತಪ್ಪಿ ಬಂದಿದೆ ಅನ್ಸುತ್ತೆ, ಅಮ್ಮಾ," ಅಂದೆ.

"ತಪ್ಪಿ ಯಾಕ್ರೀ ಬರುತ್ತೆ? ನಾನೇ ಕಳಿಸಿದ್ದು."

ಅವರ ಮುಂದೆಯೇ ಗಂಟು ಬಿಚ್ಚಿದೆ. ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ತೆಗೀರಿ ಅದನ್ನ ಇಲ್ಲಿಂದ! ಮಕ್ಕಳು ಓಡಾಡೋ ಜಾಗ!"

"ಅಲ್ಲೂ ಮಕ್ಕಳಿದಾರೆ."

"ಗುಡಿಸಲಲ್ಲಿ ಇರೋರಿಗೆ ಇದೇ ಹೆಚ್ಚು. ಮೇಷ್ಟ್ರ ಹೆಂಡತಿ ಅಂತ ಸುಮ್ಮನಿದೀನಿ, ತಿಳೀತಾ?"

ಗಂಟನ್ನು ಅಲ್ಲೇ ಬಿಟ್ಟು ಬಂದೆ. ಸೀಗೆಪುಡಿ ಹಾಕಿ ಎಷ್ಟು ಉಜ್ಜಿದರೂ ಬೆರಳಿನ ನಾತ ಹೋಗಲಿಲ್ಲ. ಎರಡು ದಿನ ಕೈಯಲ್ಲಿ ಅನ್ನ ಕಲೆಸಲಾಗದೆ ಚಮಚದಲ್ಲಿ ತಿಂದೆ. ನನ್ನ ಗಂಡ ವಿಷಯ ಕೇಳಿ ಬಯ್ಯಲಿಲ್ಲ. "ವರ್ಗ ಮಾಡಿಸಿಬಿಟ್ಟರೆ ಎಲ್ಲಿಗೇ ಹೋಗೋದು?" ಎಂದಷ್ಟೇ ಕೇಳಿದರು.

ಮುದುಕಿ ಹದಿನೈದು ದಿನ ಕೂತು ಒಂಬತ್ತು ಬೊಂತೆ ಹೊಲಿದಳು. ನಾನು ಪದರ ಜೋಡಿಸಿಕೊಟ್ಟೆ, ದಾರ ಪೋಣಿಸಿಕೊಟ್ಟೆ. ಇಟ್ಟಿಗೆ ಹೊರುವವಳ ಸೀರೆ ಒಂದು ಬೊಂತೆಯ ಮೇಲ್ಪದರವಾಯಿತು. ಎಲ್ಲವೂ ಗುಡಿಸಲುಗಳಿಗೆ ಹೋದವು.

ಆಮೇಲೆ ಸಮಾಜದಲ್ಲಿ ಸಭೆ ನಡೆಯಿತು. ಮುದುಕಿಯನ್ನು ಯಾರೂ ಕರೆದಿರಲಿಲ್ಲ. ದೊಡ್ಡಮನೆಯ ಯಜಮಾನಿತಿಯನ್ನು ಕುರ್ಚಿಯಲ್ಲಿ ಕೂರಿಸಿ, ಬಡವರ ಚಳಿ ನೀಗಿಸಿದ ತಾಯಿ ಎಂದು ಹೊಗಳಿ ಹಾರ ಹಾಕಿದರು. ಅವರು ಹಾರದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು. ಮುಂದಿನ ಸಾಲಿನಲ್ಲಿದ್ದ ನನ್ನ ಗಂಡನೂ ತಿರುಗಿ ನೋಡಿದರು.

ನಾನು ಚಪ್ಪಾಳೆ ತಟ್ಟಿದೆ. ಎಲ್ಲರೂ ನಿಲ್ಲಿಸುವವರೆಗೂ ತಟ್ಟಿದೆ. ಆ ಗಂಟಿನ ಬಗ್ಗೆ ಆದ ಹೇಸಿಗೆ ಕೆಲವು ದಿನಗಳಲ್ಲಿ ಹೋಯಿತು. ಆವತ್ತಿನ ನನ್ನ ಬಗ್ಗೆ ಆದದ್ದು ಈಗಲೂ ಹೋಗಿಲ್ಲ.