ಇನ್ನೊಂದ್ಸಲ ಟೀಚರೂ ಗಂಡನ ನಿದ್ದೆಯೂ

ಹೊಲಿಗೆ ತರಗತಿಯ ಹುಡುಗಿಯರು ಅವರಿಗೆ ಇಟ್ಟ ಹೆಸರು ‘ಇನ್ನೊಂದ್ಸಲ ಟೀಚರ್’. ಗುಂಡಿಯ ಕಾಜಾ ಒಂದೆಳೆ ಸೊಟ್ಟಗಾದರೂ ಸಾಕು, ಬಿಚ್ಚಿಸಿ ಇನ್ನೊಂದ್ಸಲ ಹೊಲಿಸದೆ ಯಾರನ್ನೂ ಮನೆಗೆ ಬಿಡುತ್ತಿರಲಿಲ್ಲ. ನಿವೃತ್ತಿಯಾದ ಮೇಲಾದರೂ ಈ ಚಾಳಿ ಬಿಟ್ಟಾರು ಎಂದು ಎಲ್ಲರೂ ಆಸೆಪಟ್ಟಿದ್ದರು. ಅಷ್ಟರಲ್ಲಿ ಗಂಡನಿಗೆ ಲಕ್ವ ಹೊಡೆದು ಮಾತು ನಿಂತುಹೋಯಿತು. ಟೀಚರಿಗೆ ಮನೆಯಲ್ಲೇ ಒಬ್ಬ ವಿದ್ಯಾರ್ಥಿ ಸಿಕ್ಕಂತಾಯಿತು.

ಎಂಥ ವಿದ್ಯಾರ್ಥಿ! ಬೆಳಿಗ್ಗೆ ಮಾತು ಕಲಿಸುವ ಹುಡುಗಿ ಬಂದು, ಚಿತ್ರ ತೋರಿಸಿ, ಕನ್ನಡಕ, ಬಾಗಿಲು, ನೀರು ಎಂದು ಹೇಳಿಸಿ ಹೋಗುವಳು. ಅವಳು ಗೇಟು ದಾಟುವ ಮೊದಲೇ ಈ ಮಹಾಶಯರ ಗೊರಕೆ ಶುರು. ಓಡುವ ಬಸ್ಸಿನಲ್ಲಿ ವರ್ಷಗಟ್ಟಲೆ ನಿಂತೇ ಟಿಕೆಟ್ ಹರಿದ ಕಂಡಕ್ಟರು, ಒಂದು ‘ಕನ್ನಡಕ’ಕ್ಕೆ ಸುಸ್ತು! ಟೀಚರಿಗೆ ಮೈಯೆಲ್ಲ ಉರಿಯುತ್ತಿತ್ತು. ಅಡಿಕೋಲಿನಿಂದ ಮಂಚ ಕುಟ್ಟಿ ಎಬ್ಬಿಸುವರು.

“ರೀ, ಏಳಿ. ಮರೆತು ಹೋಗೋಕೆ ಮುಂಚೆ ಹೇಳಿ. ಇದೇನು?” ಎಂದು ಕನ್ನಡಕ ಎತ್ತಿ ಹಿಡಿಯುವರು.

“ಬ... ಬಾ...”

“ಅಯ್ಯೋ, ಬೆಳಿಗ್ಗೆ ಸರಿಯಾಗಿ ಹೇಳಿದ್ರಲ್ಲ! ಅಷ್ಟರೊಳಗೆ ಎಲ್ಲಿ ಹೋಯ್ತು?”

ಈ ಸಿಟ್ಟಿನೊಳಗೆ ಹೆದರಿಕೆಯೂ ಇತ್ತು. ಮೊದಲ ಕೆಲವು ತಿಂಗಳಲ್ಲಿ ಬಂದಷ್ಟು ಮಾತು ಆಮೇಲೆ ಸುಲಭಕ್ಕೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಉಳಿದ ಆಯುಷ್ಯವೆಲ್ಲ ಗಂಡ ಹೀಗೆ ಬ, ಬಾ ಎಂದೇ ಕಳೆದರೆ ತಾನು ಯಾರೊಂದಿಗೆ ಜಗಳವಾಡುವುದು?

ದೂರು ಕೊಟ್ಟರೆ ಮಾತು ಕಲಿಸುವ ಹುಡುಗಿಯೂ ಗಂಡನ ಕಡೆಯವಳೇ.

“ಮಲಗ್ಲಿ ಬಿಡಿ ಆಂಟಿ. ನಾನು ಹೇಳ್ಕೊಟ್ಟಿದ್ದು ಇನ್ನೂ ಹಸಿ ಇರತ್ತೆ. ನಿದ್ದೇಲಿ ಮಿದುಳು ಅದನ್ನೇ ಮತ್ತೆ ಮತ್ತೆ ತಿರುವಿ ಹಾಕಿ ಗಟ್ಟಿ ಮಾಡ್ಕೊಳತ್ತೆ. ನೀವು ಎಬ್ಬಿಸಿದ್ರೆ ಆ ಕೆಲಸ ಅರ್ಧಕ್ಕೇ ನಿಲ್ಲತ್ತೆ.”

“ಓಹೋ! ಹಾಗಿದ್ರೆ ನನ್ನ ಕ್ಲಾಸಲ್ಲಿ ತೂಕಡಿಸ್ತಿದ್ದೋರೆಲ್ಲ ದೊಡ್ಡ ದರ್ಜಿಗಳಾಗ್ಬೇಕಿತ್ತು.”

“ಕಲಿತ ಮೇಲೆ ಮಲಗ್ಬೇಕು ಆಂಟಿ, ಕಲಿಯೋವಾಗ ಅಲ್ಲ.”

ಟೀಚರು ಮುಖ ತಿರುಗಿಸಿದರು. ಒಂದು ಮಧ್ಯಾಹ್ನ ಎಷ್ಟು ಕುಟ್ಟಿದರೂ ಗಂಡ ಗೋಡೆಯ ಕಡೆ ಮಗ್ಗುಲಾದರೇ ಹೊರತು ಏಳಲಿಲ್ಲ.

“ಬಿದ್ಕೊಳ್ಳಿ! ನಂಗೇನಾಗಬೇಕು?” ಎಂದು ಅಡಿಕೋಲು ಎಸೆದು ಹಿತ್ತಿಲಿಗೆ ಹೋದ ಟೀಚರು, ಆಗಲೇ ಒಗೆದಿದ್ದ ಬಟ್ಟೆಗಳನ್ನೇ ಮತ್ತೆ ಒಗೆಯತೊಡಗಿದರು.

ಬಕೆಟ್ಟು ಖಾಲಿಯಾಗುವ ಹೊತ್ತಿಗೆ ಒಳಗಿನಿಂದ ದನಿ ಬಂತು.

“ಇವ... ಇವಳೇ. ಕನ್ನಡಕ.”

ಟೀಚರು ನಿಂತಲ್ಲೇ ನಿಂತರು. ಇವಳೇ ಎನ್ನುವುದನ್ನು ಯಾರೂ ಕಲಿಸಿರಲಿಲ್ಲ. ಮದುವೆಯಾದಾಗಿನಿಂದ ಗಂಡ ಅವರನ್ನು ಕರೆಯುತ್ತಿದ್ದುದೇ ಹಾಗೆ. ಒದ್ದೆ ಕೈಯಲ್ಲೇ ಓಡಿದರು. ಗಂಡ ಎದ್ದು ಕೂತು ಕಪಾಟಿನತ್ತ ಕೈ ತೋರಿಸುತ್ತಿದ್ದರು. ಟೀಚರು ಕನ್ನಡಕ ತಂದು ಹಾಕಿದರು. ಇಷ್ಟು ದಿನ ಮಂಚ ಕುಟ್ಟಿ ಕುಟ್ಟಿ ತಾನೇ ಈ ಮನುಷ್ಯನ ಬಾಯಿ ಕಟ್ಟಿದ್ದೆನಲ್ಲ ಎಂದು ತಮ್ಮ ಮೇಲೇ ಕೆಟ್ಟ ಸಿಟ್ಟು ಬಂತು. ತಪ್ಪಾಯಿತು ಎಂದು ಹೇಳಿ ಅಭ್ಯಾಸವಿರಲಿಲ್ಲ.

“ಸರಿ. ಈಗ ಮಲಗಿ.”

“ಕನ್ನಡಕ!” ಗಂಡ ಹಿಗ್ಗಿಹೋದರು.

“ಕೇಳಿಸ್ತು. ಮಲಗಿ.”

“ಇವಳೇ!”

“ಕೈ ಮುಗೀತೀನಿ, ಮಲಗ್ರೀ!” ಎಂದು ಗದರಿ, ಟೀಚರು ಕಣ್ಣೊರೆಸಿಕೊಂಡು ಮಂಚದ ತುದಿಯಲ್ಲಿ ಕೂತರು. ಗಂಡ ಮಾತ್ರ ಸಂಜೆಯಾದರೂ ಕಣ್ಣು ಮುಚ್ಚಲಿಲ್ಲ.