ಕಾಫಿ ರಾಶಿಯ ಜ್ವರ

ಬೆಂಕಿಯಿಲ್ಲದ ಕಡೆ ಬಿಸಿ ಎಲ್ಲಿಂದ ಬಂತು? ಬೆಳಗಿನಿಂದ ಕವನಾಳ ತಲೆಯನ್ನು ಇದೊಂದೇ ಕೊರೆಯುತ್ತಿತ್ತು. ಪುಟ್ಟ ಮಗ ದಿಗಂತ್ ಅಂಗಳದಲ್ಲಿ ಮುಚ್ಚಿಟ್ಟ ಕಾಫಿ ಹಣ್ಣಿನ ರಾಶಿಗೆ ಒರಗಿ ಹಾಯಾಗಿ ಕೂತಿದ್ದ. ಎತ್ತಿಕೊಂಡರೆ ಬೆನ್ನೆಲ್ಲ ಬೆಚ್ಚಗೆ. ಜ್ವರವೆಂದು ಗಾಬರಿಯಾಗಿ ಹಣೆ ಮುಟ್ಟಿದಳು, ತಣ್ಣಗಿತ್ತು. ಬಿಸಿ ಇದ್ದದ್ದು ಟಾರ್ಪಾಲಿನಲ್ಲಿ.

ರಾಶಿ ಅವಳ ಮಾವ ನಾಣಯ್ಯನವರದು. ದಿನಾ ಸಂಜೆ ವಾಚು ಬಿಚ್ಚಿ ಜೇಬಿಗೆ ಹಾಕಿ, ಮೊಣಕೈವರೆಗೆ ಕೈಯನ್ನು ರಾಶಿಯೊಳಗೆ ತೂರಿಸಿ, ಕಣ್ಣು ಮುಚ್ಚಿ ಒಳಗಿನ ಕಾವು ನೋಡುವ ಮನುಷ್ಯ. "ಕರು ಈಚೆ ಬಂತಾ?" ಎಂದು, ಹಸುವಿಗೆ ಹೆರಿಗೆ ಮಾಡಿಸುವವರನ್ನು ಕೇಳುವಂತೆ, ಹೆಂಡತಿ ಪ್ರೇಮಾವತಿ ಕೆಣಕುವರು. ನಗುವುದರಲ್ಲಿ ಮಾವನೂ ಕಮ್ಮಿಯಲ್ಲ. ಮಗುವಿಗೆ ಬಿಕ್ಕಳಿಕೆಯೆಂದು ಕವನಾ ಒಮ್ಮೆ ತೋಟಕ್ಕೆ ಫೋನ್ ಮಾಡಿದ್ದನ್ನು ಊರಿಗೆಲ್ಲ ಹೇಳಿ ನಕ್ಕಿದ್ದರು.

ಮೊನ್ನೆ ಮೋಡ ಕಟ್ಟಿತೆಂದು ಹಣ್ಣನ್ನು ಗುಡ್ಡೆ ಹಾಕಿಸಿ, ತಾವು ಬರುವವರೆಗೆ ಟಾರ್ಪಾಲು ಎತ್ತಕೂಡದೆಂದು ಕಟ್ಟಪ್ಪಣೆ ಮಾಡಿ, ಮನೆಯವರೊಡನೆ ಬಿಟ್ಟಂಗಾಲದ ಮದುವೆಗೆ ಹೊರಟಿದ್ದರು. ಇವತ್ತು ಬಿಸಿಲು. ಆಳುಗಳೆಲ್ಲ ಸುಂಟಿಕೊಪ್ಪದ ಸಂತೆಗೆ ಹೋಗಿದ್ದಾರೆ. ಮುಚ್ಚಿಟ್ಟರೆ ಹಣ್ಣು ಒಳಗೇ ಬೆಂದು ಈ ಪಿಕಿಂಗಿನಲ್ಲಿ ಕಿತ್ತದ್ದೆಲ್ಲ ಹಾಳು. ತೆರೆದ ಮೇಲೆ ಮಳೆ ಬಂದರೆ ಅವಳಿಂದಲೇ ಹಾಳು.

ಅಂಚು ಎತ್ತಿದಳು. ಹುಳಿ ವಾಸನೆಯ ಹಬೆ ಮುಖಕ್ಕೆ ಹೊಡೆಯಿತು. ಕೈ ಹಾಕಲು ಧೈರ್ಯ ಸಾಲದೆ ನೆರಳಿದ್ದ ಕಡೆ ಕಬ್ಬಿಣದ ಹಾರೆ, ಪಕ್ಕದಲ್ಲಿ ಬಿದಿರುಕೋಲು ಚುಚ್ಚಿಟ್ಟು, ಮಗುವಿಗೆ ಗಂಜಿ ಕುಡಿಸಿ ಬಂದಳು. ಹೊರಗೆ ಚಾಚಿದ್ದ ತುದಿಗಳನ್ನು ಮುಟ್ಟಿದರೆ ಕೋಲು ತಣ್ಣಗೆ, ಹಾರೆ ಬೆಚ್ಚಗೆ. ಮೈಸೂರಿನ ಶಾಲೆಯಲ್ಲಿ ಟೀಚರ್ ಮಕ್ಕಳನ್ನು ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿ, ಒಬ್ಬನನ್ನು ಅಲುಗಿಸಿದ್ದು ನೆನಪಾಯಿತು. ಯಾರೂ ಜಾಗ ಬಿಟ್ಟಿರಲಿಲ್ಲ, ಅಲುಗಾಟ ಮಾತ್ರ ಕೊನೆಯವನಿಗೆ ಮುಟ್ಟಿತ್ತು. ಹಾರೆಯೊಳಗೂ ಹಾಗೆಯೇ, ನಿಂತಲ್ಲೇ ನಡುಗುವ ಅಣುಗಳು; ಬಿದಿರಿನಲ್ಲಿ ಆ ನಡುಕ ಅಷ್ಟು ಸುಲಭವಾಗಿ ದಾಟದು. ಹಬೆಯಲ್ಲಿರುವವು ಮಾತ್ರ ಗಂಟೆ ಹೊಡೆದಾಗಿನ ಮಕ್ಕಳಂತೆ ದಿಕ್ಕಾಪಾಲು. ಹಾಗಾದರೆ ಒಳಗೆ ಅಲುಗಿಸುತ್ತಿರುವವರು ಯಾರು? ಹಣ್ಣು ಹುಳಿಯುತ್ತಿದೆ, ಆ ಹುಳಿತವೇ. ಗಾಳಿಯಾಡದೆ ಬಿಸಿ ಹೊರಹೋಗುತ್ತಿಲ್ಲ.

ಫೋನ್ ಕೈಗೆತ್ತಿಕೊಂಡಳು, ಇಟ್ಟಳು. ಹಾರೆಯನ್ನು ಮತ್ತೊಮ್ಮೆ ಮುಟ್ಟಿ ನೋಡಿದಳು. ಈಗ ಇನ್ನೂ ಬಿಸಿ. ನಂಬರ್ ಒತ್ತಿಯೇಬಿಟ್ಟಳು.

ಆ ಕಡೆ ಓಲಗದ ಸದ್ದು. "ಎಂಥ ಕೂಸು, ಮತ್ತೆ ಬಿಕ್ಕಳಿಕೆಯಾ?"

"ಮಗು ಚೆನ್ನಾಗಿದೆ ಮಾವ. ಜ್ವರ ಬಂದಿರೋದು ನಿಮ್ಮ ರಾಶಿಗೆ." ಹಬೆ, ಹುಳಿ ವಾಸನೆ, ಹಾರೆ, ಕೋಲು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ನಗು ಕೇಳಿಸಲಿಲ್ಲ. "ಟಾರ್ಪಾಲು ಎತ್ತು. ಆದಷ್ಟು ತೆಳ್ಳಗೆ ಹರವು, ನಾವು ಈಗಲೇ ಹೊರಟೆವು." ಮತ್ತೆ ಅವರೇ ಕೇಳಿದರು, "ಅಲ್ಲ ಕೂಸು, ಕೋಲು ತಣ್ಣಗೇ ಇತ್ತು ಅಂದೆಯಲ್ಲ, ಅದೆಂಥ?"