ತಟ್ಟಣ್ಣ ನೆಟ್ಟಗೆ ಮಾಡಿದ ಬಾಗಿಲು

ತಟ್ಟಣ್ಣನನ್ನು ಸೀಟಜ್ಜಿ ಮೊದಲ ಸಲ ಕಂಡ ದಿನ ಅವನು ಕಾರಿನ ಸೀಟೊಂದನ್ನು ತಲೆಯ ಮೇಲೆ ಹೊತ್ತು ಅವಳ ಅಂಗಡಿಯ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿದ್ದ. ಸೀಟಿನ ಬೆನ್ನು ಚೌಕಟ್ಟಿಗೆ ತಗುಲಿ, ಒಳಗೂ ಬರಲಾರ, ಹೊರಗೂ ಹೋಗಲಾರ. ಮುಖ ಕಾಣುತ್ತಿರಲಿಲ್ಲ. ಒಂದು ಸೀಟು, ಅದರ ಕೆಳಗೆ ಎರಡು ಕಾಲು, ಅಷ್ಟೇ.

“ಯಾರಪ್ಪಾ ಅದು? ಸೀಟೇ ನಡ್ಕೊಂಡು ಬಂತಾ?” ಎಂದಳು ಅಜ್ಜಿ, ಹೊಲಿಗೆ ಯಂತ್ರದ ಮೇಲಿಂದ ಕಾಲು ತೆಗೆಯದೆ.

“ಎದುರುಗಡೆ ಟಿಂಕರ್ ಅಂಗಡಿಯವನು, ಅಕ್ಕ. ಕಾರಿಗೆ ನಿಮ್ಮ ಮೆಟ್ಟಿಲು ಹತ್ತೋಕಾಗಲ್ಲ ಅಂತು. ಅದಕ್ಕೆ ಸೀಟನ್ನ ಕಳಿಸ್ತು.”

ಆ ಬೀದಿಯ ತುಂಬ ವಾಹನಗಳದೇ ಕೆಲಸ. ಒಬ್ಬ ಟೈರಿನವನು, ಒಬ್ಬ ಗಾಜಿನವನು, ಮೂಲೆಯಲ್ಲಿ ಬ್ಯಾಟರಿಯವನು. ಗಂಡ ತೀರಿಕೊಂಡ ಮೇಲೆ ಅಜ್ಜಿ ಅವನ ಯಂತ್ರದ ಮುಂದೆ ತಾನೇ ಕೂತು ಸೀಟಿನ ಕವರು ಹೊಲಿಯುತ್ತ ಬಂದವಳು, ಅದಕ್ಕೇ ಸೀಟಜ್ಜಿ. ಎದುರು ಅಂಗಡಿಗೆ ಹೊಸಬ ಬಂದಿದ್ದಾನೆಂದು ಅವಳಿಗೆ ಕಣ್ಣಿಗಿಂತ ಮೊದಲು ಕಿವಿಯೇ ಹೇಳಿತ್ತು. ಬೆಳಗಾದರೆ ತಗಡಿನ ನೆಗ್ಗು ತಟ್ಟುವ ಟಕ್ ಟಕ್ ಟಕ್. ಬೀದಿಯವರು ಅವನ ಹೆಸರು ಕೇಳುವ ಗೋಜಿಗೇ ಹೋಗದೆ ತಟ್ಟಣ್ಣ ಎಂದು ಕರೆದುಬಿಟ್ಟಿದ್ದರು.

ಅವನು ಸೀಟನ್ನು ನೆಲಕ್ಕಿಳಿಸಿ ಪಕ್ಕದ ಹಿಡಿಯನ್ನು ಎಳೆದ. ಸೀಟು ಗಿರ್ರನೆ ಪಕ್ಕಕ್ಕೆ ತಿರುಗಿ ನಿಂತಿತು. ಕೆಳಗೊಂದು ಕಬ್ಬಿಣದ ಬಳೆ, ಅದರೊಳಗೆ ಗುಂಡುಗಳು. ಅಂಥದ್ದನ್ನು ಅಜ್ಜಿ ಅದುವರೆಗೆ ಕಂಡಿರಲಿಲ್ಲ.

“ಯಾರ ಕಾರಿನದ್ದು ಇದು?”

“ನಮ್ಮ ಮೇಡಂದು.”

ಮೇಡಂ ಎಂದರೆ ಅವನ ಮಗಳು. ಕೂರುವ ಅಳತೆ ನೋಡಲು ಸೀಟನ್ನೂ ಹೊರಿಸಿಕೊಂಡು ಅಜ್ಜಿ ಅವರ ಮನೆಗೆ ಹೋದಾಗ ತಿಳಿಯಿತು. ಚಿಕ್ಕಂದಿನಲ್ಲೇ ಕಾಲಿನ ಶಕ್ತಿ ಹೋಗಿ, ಗಾಲಿಕುರ್ಚಿಯಲ್ಲೇ ಬೆಳೆದ ಹುಡುಗಿ. ತಾಯಿ ಇಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಮೈಕಿನ ಮುಂದೆ ಕೂತು ರೋಗಿಗಳ ಟೋಕನ್ ಕೂಗುವ ಕೆಲಸ. ಕಾರಿಲ್ಲದ ಕಾಲದಲ್ಲಿ ಬಾಡಿಗೆ ಗಾಡಿಯವರು ಅವಳನ್ನು ಮೂಟೆ ಎತ್ತಿದಂತೆ ಎತ್ತಿ ಒಳಗೆ ಹಾಕುತ್ತಿದ್ದರು. ಒಬ್ಬೊಬ್ಬರ ಕೈ ಒಂದೊಂದು ಥರ. ಕೆಲಸ ಬಿಟ್ಟೇನು, ಇನ್ನು ಯಾರ ಕೈಯಲ್ಲೂ ಎತ್ತಿಸಿಕೊಳ್ಳಲಾರೆ ಎಂದು ಅವಳು ಒಂದು ದಿನ ಹಟ ಹಿಡಿದು ಕೂತುಬಿಟ್ಟಳಂತೆ. ಆಗ ತಟ್ಟಣ್ಣ, ಗಿರಾಕಿಯೊಬ್ಬ ರಿಪೇರಿಗೆ ಬಿಟ್ಟು ಕೊನೆಗೆ ನೀನೇ ಇಟ್ಕೋ ಎಂದು ಬರೆದುಕೊಟ್ಟ ಹಳೇ ಕಾರಿಗೆ ಈ ತಿರುಗುವ ಸೀಟು ಕೂರಿಸಿ, ದಿನಾ ತಾನೇ ಅವಳನ್ನು ಆಸ್ಪತ್ರೆಗೆ ಬಿಟ್ಟು ಕರೆತರತೊಡಗಿದ.

“ಅಜ್ಜೀ, ಚಂದ ಕಾಣದಿದ್ರೂ ಪರವಾಗಿಲ್ಲ, ಜಾರಬಾರದು,” ಎಂದಳು ಮೇಡಂ. ಗಾಲಿಕುರ್ಚಿಯಿಂದ ಕೈ ಊರಿ ತಾನೇ ಸೀಟಿಗೆ ಜರುಗಿ, ಒಂದೊಂದೇ ಕಾಲನ್ನು ಎತ್ತಿಟ್ಟುಕೊಂಡು ತೋರಿಸಿದಳು. “ಇವರಿಬ್ಬರು ಮಹಾ ಸೋಮಾರಿಗಳು. ನಾನೇ ಕರ್ಕೊಂಡು ಹೋಗ್ಬೇಕು.”

ಅಂಚಿಗೆ ಒರಟು ಬಟ್ಟೆ, ನಡುವೆ ಮೆತ್ತನೆಯದು ಹಾಕಿ ಅಜ್ಜಿ ಕವರು ಹೊಲಿದುಕೊಟ್ಟಳು. ಅಲ್ಲಿಂದ ಎರಡು ಅಂಗಡಿಗಳ ನಡುವೆ ಬಳಕೆ ಬೆಳೆಯಿತು.

ತಟ್ಟಣ್ಣ ಹಲ್ಲು ಉದುರುವ ವಯಸ್ಸಿನಲ್ಲೇ ಸೋದರಮಾವನ ಅಂಗಡಿ ಸೇರಿದವನು. ತಗಡಿನ ಹಿಂದೆ ಕಬ್ಬಿಣದ ದಿಮ್ಮಿ ಹಿಡಿದು ಕೂರುವುದು, ಮಾವ ಮುಂದಿನಿಂದ ಹೊಡೆಯುವುದು. ಒಂದು ಕಿವಿ ಆಗಲೇ ಹೋಯಿತು. ಅದರಿಂದಲೋ ಏನೋ, ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದ. ನೆಗ್ಗು ಕಂಡರೆ ಅವನಿಗೆ ಕೈ ತಡೆಯದು. ನೀರು ಕುಡಿಯಲು ಬಂದವನು ಅಜ್ಜಿಯ ಕೊಡದ ಹೊಟ್ಟೆಯನ್ನೇ ನೋಡುತ್ತ ನಿಂತ. ಮಾರನೆಯ ದಿನ ಕೊಡ ಕಾಣೆ. ಸಂಜೆ ನೆಟ್ಟಗಾಗಿ ವಾಪಸು ಬಂತು.

“ಕೇಳ್ಬಾರದೇನೋ? ಬೆಳಿಗ್ಗೆಯಿಂದ ನೀರಿಲ್ಲದೆ ಕೂತಿದೀನಿ.”

“ಕೇಳಿದ್ರೆ ಬೇಡ ಅಂತಿದ್ರಿ.”

ಅದಾಗಿ ಎಷ್ಟೋ ಕಾಲದ ಮೇಲೆ, ಒಂದು ಮಧ್ಯಾಹ್ನ ಸಾಮಾನು ಇಳಿಸಲು ಬಂದ ಲಾರಿ ಹಿಂದಕ್ಕೆ ಬರುತ್ತ ಅಂಗಡಿ ಮುಂದೆ ನಿಂತಿದ್ದ ಆ ಕಾರಿಗೆ ಗುದ್ದಿತು. ಎಡಗಡೆಯ ಬಾಗಿಲು ಒಳಗೆ ಹೋಯಿತು, ಬಾಗಿಲು ಹಿಡಿದಿದ್ದ ಕಂಬ ಬಾಗಿತು, ನೆಲ ಮಡಿಚಿಕೊಂಡು ಸೀಟಿನ ಬಳೆ ಕಚ್ಚಿಕೊಂಡಿತು. ಸೀಟು ಅರ್ಧ ತಿರುಗಿ ನಿಂತುಬಿಟ್ಟಿತು. ಲಾರಿಯವನು ಇಳಿದೂ ನೋಡದೆ ಹೋದ. ನಂಬರು ಯಾರೂ ನೋಡಲಿಲ್ಲ.

“ಇನ್ಶೂರೆನ್ಸ್ ಇದೆ, ಅಕ್ಕ. ವರ್ಷ ವರ್ಷ ತಪ್ಪದೆ ಕಟ್ಟಿದೀನಿ,” ಎಂದ ತಟ್ಟಣ್ಣ. ಮುಖ ಬಿಳಿಚಿಕೊಂಡಿತ್ತು, ಗಂಟಲು ಮಾತ್ರ ಎಂದಿನಂತೆ ದೊಡ್ಡದು. ಕಂಪನಿಗೆ ಫೋನು ಮಾಡಿದ. ಸರ್ವೇಯರ್ ಬಂದು ನೋಡುತ್ತಾರೆ, ಕಾಯಿರಿ ಎಂದರು.

ಕಾಯುವುದೊಂದು ಅವನಿಗೆ ಬಾರದ ವಿದ್ಯೆ. ಟೈರಿನವನು ಹೋಗುತ್ತ ಬರುತ್ತ, “ಏನಣ್ಣ, ಡಾಕ್ಟರ್ ಮನೇಲೇ ಕಾಯಿಲೆ?” ಎಂದು ಚುಚ್ಚುತ್ತಿದ್ದ. ಮೂರನೆಯ ಬೆಳಿಗ್ಗೆ ಟಕ್ ಟಕ್ ಶುರುವಾಯಿತು. ಅಜ್ಜಿ ಇಣುಕಿ ನೋಡಿದರೆ ತಟ್ಟಣ್ಣ ಕಣ್ಣು ಮುಚ್ಚಿ ಆ ಬಾಗಿಲ ಮೇಲೆ ಅಂಗೈ ಆಡಿಸುತ್ತಿದ್ದಾನೆ. ಅವನು ಲೆಕ್ಕ ಹಾಕಿದ್ದು ಹೀಗೆ: ಬಾಗಿಲು ತನ್ನ ಕೈಯ ಕೆಲಸ, ಅದಕ್ಕೆ ಕಂಪನಿಯನ್ನು ಕೇಳುವುದು ಮರ್ಯಾದೆಯಲ್ಲ. ಕಂಬ ಎಳೆಯುವುದು ದೊಡ್ಡ ವರ್ಕ್‌ಶಾಪಿನ ಯಂತ್ರದ ಕೆಲಸ, ಅದನ್ನಷ್ಟೇ ಕೇಳಿದರಾಯಿತು. ಕಡಿಮೆ ಕೇಳಿದವನಿಗೆ ಬೇಗ ಕೊಡುತ್ತಾರೆ. ಸಂಜೆಯ ಹೊತ್ತಿಗೆ ಬಾಗಿಲು ಕನ್ನಡಿಯಾಗಿತ್ತು. ಅದಕ್ಕೊಂದು ಕೋಟು ಬಣ್ಣವನ್ನೂ ಹೊಡೆದ.

ಸರ್ವೇಯರ್ ಬಂದದ್ದು ಅದರ ಮರುದಿನ. ಕೆಟ್ಟವನಲ್ಲ. ಬಿಸಿಲಲ್ಲಿ ಬೆವೆತು ಬಂದವನು ಅಜ್ಜಿ ಕೊಟ್ಟ ನೀರು ಕುಡಿದು, ಲೋಟವನ್ನು ತಾನೇ ತೊಳೆದಿಟ್ಟ. ಕಾರನ್ನು ಎರಡು ಸುತ್ತು ಸುತ್ತಿದ.

“ಯಜಮಾನ್ರೇ, ಲಾರಿ ಗುದ್ದಿದ್ದು ಎಲ್ಲಿಗೆ?”

“ಇಲ್ಲೇ ಸಾರ್, ಬಾಗಿಲಿಗೆ.”

“ಬಾಗಿಲು ಚೆನ್ನಾಗೇ ಇದೆಯಲ್ಲ.”

“ಚೆನ್ನಾಗಿ ಮಾಡಿದೀನಿ ಸಾರ್!” ತಟ್ಟಣ್ಣನ ಮುಖ ಅರಳಿತು. “ನನ್ನ ಕೈಲಾಗೋದನ್ನ ನಾನೇ ಮಾಡ್ಕೊಂಡೆ. ಆಗದ್ದಕ್ಕೆ ಮಾತ್ರ ನಿಮ್ಮನ್ನ ಕೇಳ್ತಿದೀನಿ.”

ಸರ್ವೇಯರ್ ಕನ್ನಡಕ ತೆಗೆದು ಒರೆಸಿದ.

“ನಾನು ನೋಡೋದಕ್ಕೆ ಮುಂಚೆ ಯಾಕೆ ಮುಟ್ಟಿದ್ರಿ? ಬಾಗಿಲಿಗೆ ಏನೂ ಆಗಿಲ್ಲ, ಒಳಗಿನ ಕಂಬ ಮಾತ್ರ ಬಾಗಿದೆ ಅಂತ ಬರೆದ್ರೆ, ಇದು ಹಳೇ ಏಟು ಅಂತಾರೆ ಆಫೀಸಲ್ಲಿ. ಗುದ್ದಿದಾಗಿನ ಫೋಟೊ ಏನಾದ್ರೂ ಇದೆಯಾ?”

“ಡೊಂಕನ್ನ ಯಾರು ಫೋಟೊ ತೆಗೀತಾರೆ ಸಾರ್?”

“ನಾವು ತೆಗೀತೀವಿ, ಯಜಮಾನ್ರೇ. ನಮ್ಮ ಕೆಲಸವೇ ಅದು.”

ಅಜ್ಜಿ ಮೆಟ್ಟಿಲಿಳಿದು ಬಂದು, ಗುದ್ದಿದ್ದನ್ನು ತಾನು ಕಣ್ಣಾರೆ ಕಂಡಿದ್ದೇನೆ ಎಂದಳು. ಗಾಜಿನವನೂ ಹೇಳಿದ. ಟೈರಿನವನು ತಲೆ ತಗ್ಗಿಸಿ ಹೂಂ ಎಂದ. ಸರ್ವೇಯರ್ ಎಲ್ಲವನ್ನೂ ಬರೆದುಕೊಂಡು, “ಬರೀತೀನಿ. ಆದ್ರೆ ಆಸೆ ಇಟ್ಕೋಬೇಡಿ,” ಎಂದು ಹೇಳಿ ಹೋದ. ಅವನು ಹೇಳಿದಂತೆಯೇ ಆಯಿತು. ತಪಾಸಣೆಗೆ ಮೊದಲೇ ರಿಪೇರಿ ಮಾಡಿದ್ದರಿಂದ ಕೊಡಲು ಬರುವುದಿಲ್ಲ ಎಂದು ಉತ್ತರ ಬಂತು. ತಟ್ಟಣ್ಣ ಆಫೀಸಿಗೆ ಅಲೆದ. ಒಂದು ಕಿಟಕಿಯವರು ಇನ್ನೊಂದು ಕಿಟಕಿಗೆ ಕಳಿಸಿದರು, ಅಲ್ಲಿಯವರು ಊಟಕ್ಕೆ ಹೋಗಿದ್ದರು. ಕೊನೆಗೊಬ್ಬ ಹೆಂಗಸು ಕಂಪ್ಯೂಟರಿನಿಂದ ಮುಖವೆತ್ತಿ, “ಅಣ್ಣಾ, ಈ ಕಾರಿಗೆ ಉಳಿದಿರೋ ಬೆಲೆಗಿಂತ ನಿಮ್ಮ ಬಸ್ ಚಾರ್ಜೇ ಜಾಸ್ತಿಯಾಗುತ್ತೆ. ಬಿಟ್ಬಿಡಿ,” ಎಂದಳಂತೆ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು, ಅವಳು ಪ್ರೀತಿಯಿಂದ ಹೇಳಿದಳು ಎಂದು ಅವನಿಗೆ ಸಂಕಟ.

ಇತ್ತ ಮೇಡಂ ಬಾಡಿಗೆ ಗಾಡಿಯಲ್ಲಿ ಓಡಾಡತೊಡಗಿದ್ದಳು. ಒಂದು ಸಂಜೆ ಡ್ರೈವರು ಅವಳನ್ನು ಎತ್ತಿ ಇಳಿಸುತ್ತ, “ಕೂತು ಕೂತು ಭಾರ ಆಗ್ಬಿಟ್ಟಿದೀಯಮ್ಮ,” ಎಂದು ನಕ್ಕ. ಅವಳೂ ನಕ್ಕಳು. ಮಾರನೆಯ ದಿನದಿಂದ ರಜೆ ಹಾಕಿದಳು. ಕಾರು ಸರಿಯಾಗುವವರೆಗೆ ಮಾತ್ರ ಎಂದು ಆಸ್ಪತ್ರೆಯವರಿಗೆ ಹೇಳಿದಳು, ಅವರು ಅವಳ ಕುರ್ಚಿಗೆ ತಾತ್ಕಾಲಿಕವಾಗಿ ಬೇರೆ ಹುಡುಗಿಯನ್ನು ಕೂರಿಸಿಕೊಂಡರು. ಮೊದಲು ಫೋನು ಮಾಡಿ ವಿಚಾರಿಸುತ್ತಿದ್ದವರು ಆಮೇಲೆ ವಿಚಾರಿಸುವುದನ್ನು ಬಿಟ್ಟರು.

ತಟ್ಟಣ್ಣ ತಾನೇ ಕಂಬ ಎಳೆಯಲು ನಿಂತ. ಕಾರನ್ನು ಹಿಂದಿನಿಂದ ಗೋಡೆಯ ಕೊಂಡಿಗೆ ಬಿಗಿದು, ಬಾಗಿದ ಕಂಬಕ್ಕೆ ಸರಪಳಿ ಸುತ್ತಿ, ಹಲ್ಲುಗಾಲಿ ತಿರುಗಿಸುತ್ತ ಹೋದ. ಕಂಬ ಚೂರು ಚೂರೇ ಮೇಲೆದ್ದಿತು. ಬೀದಿಯವರೆಲ್ಲ ಸುತ್ತ ನಿಂತು ನೋಡುತ್ತಿದ್ದರು. “ಬಂತು, ಬಂತು!” ಎಂದು ಗಾಜಿನವನು ಕೂಗಿದ. ಅಷ್ಟರಲ್ಲಿ ಕಾರಿನ ನೆಲ ಸೀಟಿನ ಬುಡದಿಂದ ಹರಿಯಿತು. ಸದ್ದು ಕೇಳಿಯೇ ಅಜ್ಜಿಗೆ ತಿಳಿಯಿತು, ಜೀವವಿಲ್ಲದ ಬಟ್ಟೆ ಹರಿದಂತೆ ಹರಿದಿದೆ ಎಂದು. ಹೊಲಿಗೆ ಹಾಕಿದರೆ ಅದರ ಪಕ್ಕದಲ್ಲೇ ಬಿಟ್ಟುಕೊಳ್ಳುವಂಥದ್ದು. ತುಕ್ಕು ಒಳಗೊಳಗೇ ತಿಂದುಬಿಟ್ಟಿತ್ತು. ತಟ್ಟಣ್ಣ ಬೆರಳಿಂದ ಅಂಚು ಮುಟ್ಟಿದ, ಅದು ಪುಡಿಯಾಗಿ ಉದುರಿತು. ವೆಲ್ಡಿಂಗ್ ಹಿಡಿಯಲು ಕಬ್ಬಿಣವೇ ಉಳಿದಿರಲಿಲ್ಲ.

“ಈಗ?” ಎಂದಳು ಅಜ್ಜಿ.

“ಈಗೇನಕ್ಕ. ಬಾಗಿಲು ಚೆನ್ನಾಗಿದೆ.”

ಮನೆಯಲ್ಲಿ ಮಗಳು ದಿನಾ ಸಂಜೆ ಕೇಳುತ್ತಿದ್ದಳು, “ಅಪ್ಪಾ, ಎಲ್ಲಿಗೆ ಬಂತು?” ಅವನು ದಿನಕ್ಕೊಂದು ಹೇಳುತ್ತಿದ್ದ. ಕಂಬ ನಿಂತಿತು, ಸೀಟು ಕೂತಿತು, ಬಣ್ಣ ಒಂದು ಬಾಕಿ.

ಗುಜರಿಯವನು ಬಂದು ಕಾರನ್ನು ಎಳೆದುಕೊಂಡು ಹೋದ ದಿನ ತಟ್ಟಣ್ಣ ಅಂಗಡಿಯ ಒಳಗೆ ಬೇರೆ ಯಾರದೋ ಬಂಪರ್ ತಟ್ಟುತ್ತಲೇ ಇದ್ದ, ಹೊರಗೆ ಬರಲಿಲ್ಲ. ಅದೇ ವಾರ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಊರಾಚೆಯ ದೊಡ್ಡ ವರ್ಕ್‌ಶಾಪಿಗೆ ಸಂಬಳಕ್ಕೆ ಸೇರಿದ. ಆಮೇಲೆ ಅವನು ಆ ಬೀದಿಗೆ ಬಂದದ್ದು ಕಡಿಮೆ, ಅಜ್ಜಿಯನ್ನು ಏನಾದರೂ ಕೇಳಿದ್ದು ಇಲ್ಲವೇ ಇಲ್ಲ. ಕೊನೆಯದಾಗಿ ಕೇಳಿದ್ದು ಕಾರು ಹೋದ ಆ ಸಂಜೆಯೇ. ಸುತ್ತಿಗೆ ಕೆಳಗಿಟ್ಟು ಬಂದು ಅವಳ ಮೆಟ್ಟಿಲ ಮೇಲೆ ಕೂತ. ಅಜ್ಜಿ ನೀರು ಕೊಟ್ಟಳು, ಕುಡಿಯಲಿಲ್ಲ.

“ಬೆಳಿಗ್ಗೆ ಮೇಡಂ ಕೇಳಿದ್ಲು, ಅಕ್ಕ. ಬಣ್ಣ ಒಣಗ್ತಿದೆ ಅಂದ್ಬಿಟ್ಟೆ. ಸೋಮವಾರದಿಂದ ಬರ್ತೀನಿ ಅಂತ ಆಸ್ಪತ್ರೆಗೆ ಫೋನ್ ಮಾಡ್ಬಿಟ್ಟಿದಾಳೆ. ಸೀರೆ ಬೇರೆ ಇಸ್ತ್ರಿ ಮಾಡ್ತಾ ಕೂತಿದ್ಲು.”

“ಹೇಳ್ಬೇಕಲ್ಲಪ್ಪ.”

“ಹೇಳ್ಬೇಕು.”

ಅವನು ನೀರಿನ ಲೋಟವನ್ನು ಪಕ್ಕಕ್ಕಿಟ್ಟ. ಆಮೇಲೆ, ಅಷ್ಟು ವರ್ಷಗಳಲ್ಲಿ ಅಜ್ಜಿ ಒಮ್ಮೆಯೂ ಕೇಳಿರದ ಸಣ್ಣ ದನಿಯಲ್ಲಿ ಕೇಳಿದ:

“ನೀವು ಹೇಳ್ತೀರಾ, ಅಕ್ಕ?”